ಮಿಡಿ ಹಾಕಿದ ಮೇಲೆ ಕೈ, ಗದ್ದ ಕೆಂಪು: ಸೊನೆಯದ್ದಾ, ಸೆಕೆಯದ್ದಾ?

ಶಿರಸಿ ಹಿತ್ತಲು:
ಭಾನುವಾರ 500 ಅಪ್ಪೆಮಿಡಿ ತೊಟ್ಟು ಮುರಿದು ಉಪ್ಪಿಗೆ ಹಾಕಿದೆ. ಆ ದಿನ ಏನೂ ಆಗಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದರೆ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಗೀರು ಎಳೆದ ಹಾಗೆ ಕೆಂಪು. ಗದ್ದದ ಮೇಲೂ ಇದೆ. ವಿಪರೀತ ತುರಿಕೆ. 15 ವರ್ಷದಿಂದ ಮಿಡಿ ಹಾಕುತ್ತಿದ್ದೇನೆ, ಯಾವತ್ತೂ ಹೀಗಾಗಿಲ್ಲ. ಗದ್ದಕ್ಕಂತೂ ಮಿಡಿ ತಾಗಿಯೇ ಇಲ್ಲ. ಬೆವರುಸಾಲೆ ಇರಬಹುದಾ?

ಕುಮಟಾ ತೋಟ:
ಅಕ್ಕಾ, ಬೆವರುಸಾಲೆ ಗೀರಿನ ಹಾಗೆ ಬರುವುದಿಲ್ಲ. ಕುತ್ತಿಗೆ, ಬೆನ್ನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಪಿತ್ತದ ಗಂಧೆಯಾದರೆ ಒಂದು ಕಡೆ ಎದ್ದದ್ದು ದಿನದೊಳಗೆ ಇಳಿದು ಇನ್ನೊಂದು ಕಡೆ ಏಳುತ್ತದೆ. ನಿಮ್ಮದು ಸೊನೆ ಹರಿದ ದಾರಿಯಲ್ಲೇ ಕೆಂಪಾಗಿದೆ, ಅಲ್ವಾ? ತಡವಾಗಿ ಬಂದದ್ದೇ ಅದರ ಗುರುತು. ಇದು ಅಲರ್ಜಿ. ಸೊನೆ ಚರ್ಮದೊಳಗೆ ಇಳಿದ ಮೇಲೆ ಮೈಯ ಕಾವಲು ಕೋಶಗಳು ಅಲ್ಲಿ ಸೇರುವುದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಆಮೇಲೆ ರಕ್ತನಾಳ ಹಿಗ್ಗಿ ರಕ್ತ ಜಾಸ್ತಿ ಹರಿಯುತ್ತದೆ. ಕಾಣುವ ಕೆಂಪು ಅದೇ.

ಇಷ್ಟು ವರ್ಷ ಒಗ್ಗಿದ್ದು ಈ ವರ್ಷ ಒಗ್ಗದೆ ಹೋಗಬಹುದು. ಮಾವು, ಗೇರು, ನಮ್ಮ ಕಾಡಿನ ಹೊಳಗೇರು ಒಂದೇ ಕುಟುಂಬದವು. ಒಂದಕ್ಕೆ ಕೆರಳಿದ ಮೈ ಇನ್ನೊಂದಕ್ಕೂ ಕೆರಳಬಹುದು. ಈಚೆಗೆ ಗೇರುಬೀಜ ಸುಟ್ಟು ಒಡೆದಿದ್ದೀರಾ? ಮಿಡಿ ಮುರಿಯುವಾಗ ಬೆವರು ಯಾವುದರಲ್ಲಿ ಒರೆಸಿಕೊಂಡಿರಿ?

ಶಿರಸಿ ಹಿತ್ತಲು:
ಗೇರುಬೀಜ ಹೋದ ತಿಂಗಳು ಒಡೆದಿದ್ದೆ. ಬೆವರು ಒರೆಸಿದ್ದು ಸೆರಗಿನಲ್ಲಿ. ಈಗ ಬುಟ್ಟಿಯಿಂದ ತೆಗೆದು ನೋಡಿದೆ, ಅಂಚಿನ ತುಂಬಾ ಕಪ್ಪು ಕಲೆ. ಗದ್ದದ್ದೂ ಗೊತ್ತಾಯಿತು!

ಕುಮಟಾ ತೋಟ:
ಸೀರೆಯನ್ನು ಬೇರೆಯಾಗಿ ಸೋಪಿನಲ್ಲಿ ಒಗೆಯಿರಿ, ಬರೀ ನೀರಿಗೆ ಸೊನೆಯ ಎಣ್ಣೆ ಹೋಗುವುದಿಲ್ಲ. ಚಾಕುವಿನ ಹಿಡಿ, ಮೊಬೈಲ್ ಕೂಡ ಒರೆಸಿ. ಕೈಗೆ ತಣ್ಣೀರಿನ ಬಟ್ಟೆ ಇಡಿ, ಕ್ಯಾಲಮೈನ್ ಹಚ್ಚಿ. ಸುಣ್ಣ, ಲಿಂಬೆರಸ ದಯವಿಟ್ಟು ಬೇಡ, ಕೆರಳಿದ ಚರ್ಮ ಇನ್ನೂ ಸುಡುತ್ತದೆ. ಬೊಕ್ಕೆ ಎದ್ದರೆ ಅದರ ನೀರಿನಿಂದ ಹರಡುವುದಿಲ್ಲ, ಆದರೆ ಒಡೆದರೆ ಕೀವಾಗಬಹುದು.

ಒಂದು ಮಾತು ಒತ್ತಿ ಹೇಳುತ್ತೇನೆ. ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಮುಖಕ್ಕೆ ಹಚ್ಚಬೇಡಿ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಬಿಟ್ಟ ಕೂಡಲೇ ಇನ್ನೂ ಕೆಂಪಾಗುತ್ತದೆ. ಮುಖಕ್ಕೆ ಏನು ಹಚ್ಚಬೇಕು ಅಂತ ವೈದ್ಯರೇ ಹೇಳಲಿ. ಕಣ್ಣು ಬಾತರೆ, ಜ್ವರ ಬಂದರೆ ಅವತ್ತೇ ತೋರಿಸಿ. ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ. ಇಲ್ಲವಾದರೆ ಎರಡು ಮೂರು ವಾರದಲ್ಲಿ ಇಳಿಯುತ್ತದೆ.

ಶಿರಸಿ ಹಿತ್ತಲು:
ಹತ್ತು ದಿನವಾಯಿತು. ಗದ್ದ ಸರಿಯಾಗಿದೆ, ಕೈಯಲ್ಲಿ ಸಿಪ್ಪೆ ಏಳುತ್ತಿದೆ. ಭರಣಿಯ ಮಿಡಿ ಮಗುಚುವುದು ಈಗ ಮಗ, ಅದೂ ಗ್ಲೌಸ್ ಹಾಕಿಕೊಂಡು.