ನಿಂತಿದ್ದವಳಿಗೇ ಫೌಲ್: ಸ್ಕ್ರೀನ್ ನಿಯಮದ ಬಗ್ಗೆ ಒಂದು ಸಂದೇಹ

ಪ್ರಶ್ನೆ (ವಿರಾಜಪೇಟೆ)
ಶಾಲಾ ಬಾಲಕಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಕಳೆದ ವಾರದ ಪಂದ್ಯದಲ್ಲಿ ನಮ್ಮ ಹುಡುಗಿ, ನಿಂತಿದ್ದ ಡಿಫೆಂಡರ್‌ನ ಬೆನ್ನ ಹಿಂದೆ ಎರಡೂ ಪಾದ ಊರಿ, ಕೈಗಳನ್ನು ಎದೆಗೆ ಕಟ್ಟಿಕೊಂಡು ಅಲುಗಾಡದೆ ಸ್ಕ್ರೀನ್ (ಎದುರಾಳಿಯ ದಾರಿಗೆ ಮೈಯಿಂದ ಅಡ್ಡ ನಿಲ್ಲುವುದು) ಹಾಕಿದ್ದಳು. ಡಿಫೆಂಡರ್ ಹಿಂದೆ ತಿರುಗಿ ಇವಳಿಗೆ ಡಿಕ್ಕಿ ಹೊಡೆದರೂ ರೆಫರಿ ನಮ್ಮವಳ ಮೇಲೆಯೇ ಫೌಲ್ ಕೊಟ್ಟರು. ನೋಡುತ್ತಿದ್ದ ಹಿರಿಯರೊಬ್ಬರು, ಚೆಂಡಿಲ್ಲದವರನ್ನು ಅಡ್ಡಗಟ್ಟುವುದೇ ತಪ್ಪು ಎಂದರು. ಇದು ಸರಿಯೇ?

ಉತ್ತರ (ಪೊನ್ನಂಪೇಟೆ)
ಆ ಹಿರಿಯರು ಹಾಕಿ ಆಡಿದವರಿರಬೇಕು! 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಆರಂಭವಾಗುವುದಕ್ಕೆ ಮೊದಲೇ ನಮ್ಮ ಜಿಲ್ಲೆಯವರ ಕಣ್ಣು ಹಾಕಿಗೆ ಒಗ್ಗಿಹೋಗಿತ್ತು. ಅಲ್ಲಿ ಚೆಂಡಿನತ್ತ ಹೋಗುವ ಎದುರಾಳಿಗೆ ಮತ್ತೊಬ್ಬ ಆಟಗಾರ ಅಡ್ಡ ನಿಂತರೆ ಅದು ಅಬ್‌ಸ್ಟ್ರಕ್ಷನ್ ಎಂಬ ತಪ್ಪು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದೇ ಅಡ್ಡಿ, ಸರಿಯಾಗಿ ಹಾಕಿದರೆ, ಆಟದ ಒಂದು ಕೌಶಲ.

ಉತ್ತರ (ಮಡಿಕೇರಿ)
ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದ ಪ್ರಕಾರ ಸ್ಪರ್ಶವಾಗುವ ಹೊತ್ತಿಗೆ ಸ್ಕ್ರೀನ್ ಹಾಕಿದವರು ನಿಶ್ಚಲರಾಗಿ ತಮ್ಮ ಸಿಲಿಂಡರ್‌ನೊಳಗೇ (ಮೈಸುತ್ತಲಿನ ತಮ್ಮ ಪಾಲಿನ ಜಾಗದೊಳಗೇ) ಇರಬೇಕು, ಎರಡೂ ಪಾದಗಳು ನೆಲದ ಮೇಲಿರಬೇಕು. ನಿಮ್ಮ ಹುಡುಗಿ ಇಷ್ಟನ್ನೂ ಪಾಲಿಸಿದ್ದಾಳೆ. ಆದರೆ ಅಷ್ಟೇ ಸಾಲದು. ನಿಂತಿರುವ ಎದುರಾಳಿಯ ಮುಂದೆ ಅಥವಾ ಪಕ್ಕದಲ್ಲಿ, ಎಂದರೆ ಅವರ ಕಣ್ಣಳತೆಯಲ್ಲಿ, ತಾಗದಂತೆ ಎಷ್ಟು ಹತ್ತಿರ ಬೇಕಾದರೂ ನಿಲ್ಲಬಹುದಾದರೂ, ಕಣ್ಣಿಗೆ ಕಾಣದ ಬೆನ್ನ ಹಿಂದೆ ನಿಲ್ಲುವಾಗ ಅವರು ಸ್ಕ್ರೀನ್‌ನತ್ತ ಒಂದು ಸಾಮಾನ್ಯ ಹೆಜ್ಜೆ ಇಡುವಷ್ಟು ಜಾಗ ಬಿಡಲೇಬೇಕು. ಆ ಜಾಗ ಬಿಟ್ಟಿದ್ದರೆ ಡಿಕ್ಕಿಯ ಹೊಣೆ ಡಿಫೆಂಡರ್‌ನದಾಗುತ್ತಿತ್ತು. ಎಷ್ಟು ಅಂತರವಿತ್ತು?

ಪ್ರಶ್ನೆ ಕೇಳಿದವರು
ಪೋಷಕರೊಬ್ಬರ ಮೊಬೈಲಿನ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿದೆ. ನಮ್ಮವಳ ಶೂ ತುದಿಗೂ ಡಿಫೆಂಡರ್‌ನ ಹಿಮ್ಮಡಿಗೂ ನಡುವೆ ಒಂದು ಗೇಣೂ ಇಲ್ಲ. ರೆಫರಿಯ ಮೇಲೆ ಸುಮ್ಮನೆ ಸಿಟ್ಟಾದೆ. ಓಡುತ್ತಿರುವವರಿಗೂ ಒಂದೇ ಹೆಜ್ಜೆ ಸಾಕೇ?

ಉತ್ತರ (ಮಡಿಕೇರಿ)
ಅಲ್ಲಿ ಸಮಯ ಮತ್ತು ದೂರ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ: ಬರುವವರು ನಿಲ್ಲಲು ಇಲ್ಲವೆ ದಿಕ್ಕು ಬದಲಿಸಲು ಸಾಧ್ಯವಾಗುವಂತೆ ಒಂದು ಹೆಜ್ಜೆಗಿಂತ ಕಡಿಮೆಯಲ್ಲದ, ಎರಡಕ್ಕಿಂತ ಹೆಚ್ಚು ಬೇಕಿಲ್ಲದ ಅಂತರವಿರಬೇಕು. ಇದನ್ನು ಟೇಪು ಹಿಡಿದು ಅಳೆಯಲಾಗದು, ರೆಫರಿಯ ವಿವೇಚನೆಗೆ ಬಿಟ್ಟದ್ದು. ವಾದಗಳು ಹುಟ್ಟುವುದೂ ಇಲ್ಲಿಯೇ.

ಉತ್ತರ (ಗೋಣಿಕೊಪ್ಪಲು)
ಒಂದು ಮಾತು ಸೇರಿಸುತ್ತೇನೆ. ನಿಮ್ಮ ತಂಡದ ಹತೋಟಿಯಲ್ಲಿ ಚೆಂಡಿದ್ದಾಗ ಆದ ಫೌಲ್ ಇದಾದ್ದರಿಂದ, ಆ ಕ್ವಾರ್ಟರ್‌ನಲ್ಲಿ ನಿಮ್ಮವರ ಫೌಲ್‌ಗಳು ನಾಲ್ಕು ದಾಟಿದ್ದರೂ ಎದುರಾಳಿಗೆ ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ) ಸಿಗುವುದಿಲ್ಲ, ಗೆರೆಯ ಹೊರಗಿನಿಂದ ಚೆಂಡು ಒಳಗೆಸೆಯುವ ಥ್ರೋ-ಇನ್ ಮಾತ್ರ. ಅಭ್ಯಾಸದಲ್ಲಿ ಡಿಫೆಂಡರ್‌ನ ಹಿಮ್ಮಡಿಯಿಂದ ಅವಳದೇ ಒಂದು ಹೆಜ್ಜೆ ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಸ್ಕ್ರೀನ್ ಹಾಕುವವಳನ್ನು ಅದರಾಚೆಯೇ ನಿಲ್ಲಿಸಿ ಆಡಿಸಿ ನೋಡಿ. ಮಳೆ ಬಿಟ್ಟು ಕೋರ್ಟು ಒಣಗಿದ ಮೇಲೆ, ಅಷ್ಟೇ.