ಬಾಡಿಗೆ ಕೋಣೆಗೂ ತೋಟದ ಮನೆಗೂ ಒಂದೇ ಟಿವಿ: ಯಾವುದನ್ನು ಕೊಳ್ಳುವುದು?

ಪ್ರಶ್ನೆ: ನಮಸ್ಕಾರ. ನಾನು ಬೆಂಗಳೂರಿನಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಬಾಡಿಗೆ ಕೋಣೆಯಲ್ಲಿದ್ದೇನೆ. ತಂದೆಯವರು ತೀರ್ಥಹಳ್ಳಿಯ ಕಡೆ ತೋಟದ ಮನೆಯಲ್ಲಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ. 12 ವೋಲ್ಟಿನ ಸೋಲಾರ್ ದೀಪಗಳಿವೆ, ಇನ್ವರ್ಟರ್ ಇಲ್ಲ. ಊರಿಗೆ ಹೋಗುವಾಗ ಬಸ್ಸಿನಲ್ಲಿ ಒಯ್ದು, ಸಂಜೆ ತಂದೆಯವರಿಗೆ ಚಂದನ ವಾಹಿನಿಯ ವಾರ್ತೆ ತೋರಿಸಬಹುದಾದ ಟಿವಿ ಬೇಕು. ಆಂಟೆನಾ, ಬ್ಯಾಟರಿ ಎರಡೂ ಒಳಗೇ ಇರುವ ಹತ್ತಿಂಚಿನ ಪೋರ್ಟಬಲ್ ಟಿವಿಯನ್ನು ಆನ್‌ಲೈನಿನಲ್ಲಿ ನೋಡಿದೆ. ಅದನ್ನು ಕೊಳ್ಳಬಹುದೇ?

ಉತ್ತರ: ನಮಸ್ಕಾರ. ದಯವಿಟ್ಟು ಅದನ್ನು ಕೊಳ್ಳಬೇಡಿ. ಆ ಕಡ್ಡಿ ಆಂಟೆನಾಕ್ಕೆ ನಿಮ್ಮ ಊರಿನಲ್ಲಿ ಹಿಡಿಯಲು ಏನೂ ಇಲ್ಲ. ದೂರದರ್ಶನವು ತನ್ನ ಹಳೆಯ ಅನಲಾಗ್ ಭೂಪ್ರಸಾರವನ್ನು, ಅಂದರೆ ನೆಲದ ಮೇಲಿನ ಗೋಪುರಗಳಿಂದ ಮನೆಯ ಆಂಟೆನಾಕ್ಕೆ ಬರುತ್ತಿದ್ದ ಪ್ರಸಾರವನ್ನು, ಕೆಲವು ಆಯಕಟ್ಟಿನ ಜಾಗಗಳನ್ನು ಬಿಟ್ಟರೆ, 2022ರ ಹೊತ್ತಿಗೆ ನಿಲ್ಲಿಸಿತು. 2016ರಲ್ಲಿ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ಆರಂಭವಾದ ಡಿಜಿಟಲ್ ಭೂಪ್ರಸಾರವು ಡಿವಿಬಿ-ಟಿ2 ಎಂಬ ಪದ್ಧತಿಯದು, ಮತ್ತು ಅದು ಮಲೆನಾಡಿನ ತೋಟದವರೆಗೆ ಬರುವುದಿಲ್ಲ. ಇಂಥ ಟಿವಿಗಳಲ್ಲಿ ಎಷ್ಟೋ ಅಮೆರಿಕದ ಎಟಿಎಸ್‌ಸಿ ಪದ್ಧತಿಗೆ ತಯಾರಾದವು. ಅವು ನಮ್ಮ ದೇಶದಲ್ಲಿ ಎಲ್ಲಿಯೂ ಪ್ರಸಾರವನ್ನು ಹಿಡಿಯುವುದಿಲ್ಲ.

ಒಯ್ಯುವ ಟಿವಿಯನ್ನು ಆರಿಸುವಾಗ ವಿದ್ಯುತ್ತು ಎಲ್ಲಿಂದ ಬರುತ್ತದೆ, ಸಿಗ್ನಲ್ ಎಲ್ಲಿಂದ ಬರುತ್ತದೆ ಎಂಬ ಎರಡು ವಿಷಯಗಳನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು. ಪರದೆಯ ವಿಚಾರ ಆಮೇಲಿನದು. ನಿಮಗೆ ನನ್ನ ಸಲಹೆ 24 ಇಂಚಿನ, ಹೊರಗಿನ ಅಡಾಪ್ಟರಿನಿಂದ ನಡೆಯುವ ಸಾದಾ ಎಲ್‌ಇಡಿ ಟಿವಿ. ಅಂಗಡಿಯಲ್ಲಿ ಚಿತ್ರ ನೋಡುವ ಮೊದಲು ಅಡಾಪ್ಟರನ್ನು ಕೈಗೆ ತೆಗೆದುಕೊಂಡು ಓದಿ. ಔಟ್‌ಪುಟ್ 12 ವೋಲ್ಟ್ ಎಂದಿದ್ದರೆ ಅದು ನಿಮ್ಮ ಸೋಲಾರಿಗೆ ಹೊಂದುತ್ತದೆ. 19 ವೋಲ್ಟ್ ಎಂದಿದ್ದರೆ, ಅಥವಾ ಗೋಡೆಯ ಕರೆಂಟಿನ ವೈರು ನೇರವಾಗಿ ಟಿವಿಯೊಳಗೆ ಹೋಗುತ್ತಿದ್ದರೆ, ಬೇರೆ ಮಾದರಿಯನ್ನು ಕೇಳಿ. ಭಾರತೀಯ ಮಾನಕ ಬ್ಯೂರೊ (ಬಿಐಎಸ್) ನೋಂದಣಿಯ, ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

12 ವೋಲ್ಟ್ ಎಂದು ಬರೆದಿದ್ದರೂ ಬ್ಯಾಟರಿಗೆ ನೇರವಾಗಿ ಜೋಡಿಸಬಾರದು. ಬಿಸಿಲಿನಲ್ಲಿ ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯ ವೋಲ್ಟೇಜು 14.4ರವರೆಗೆ ಏರುತ್ತದೆ, ಖಾಲಿಯಾಗುತ್ತಾ ಬಂದಾಗ 12ಕ್ಕಿಂತ ಕೆಳಗಿಳಿಯುತ್ತದೆ. ಎಷ್ಟೋ ಟಿವಿಗಳ ಬೋರ್ಡು ಸುಡುವುದು ಈ ಏರಿಳಿತದಿಂದಲೇ. 9ರಿಂದ 18 ವೋಲ್ಟಿನವರೆಗೆ ಏನು ಕೊಟ್ಟರೂ ಸ್ಥಿರವಾಗಿ 12 ವೋಲ್ಟ್ ಹೊರಬಿಡುವ ಡಿಸಿ ಕನ್ವರ್ಟರನ್ನು ನಡುವೆ ಹಾಕಿ, 5 ಆಂಪಿಯರಿನ ಫ್ಯೂಸ್ ಇಡಿ, ವೈರನ್ನು ಚಾರ್ಜ್ ಕಂಟ್ರೋಲರಿನ (ಸೋಲಾರ್ ಪ್ಯಾನಲಿಗೂ ಬ್ಯಾಟರಿಗೂ ನಡುವೆ ಇರುವ ಪೆಟ್ಟಿಗೆ) ಲೋಡ್ ಎಂದು ಬರೆದಿರುವ ಜಾಗದಿಂದ ತೆಗೆದುಕೊಳ್ಳಿ. ಆಗ ಬ್ಯಾಟರಿ ತೀರಾ ಇಳಿಯುವ ಮೊದಲೇ ಕಂಟ್ರೋಲರು ಟಿವಿಯನ್ನು ಆರಿಸಿಬಿಡುತ್ತದೆ. ಪಿನ್ನಿನ ಪ್ಲಸ್, ಮೈನಸ್ ಅದಲುಬದಲಾಗದಂತೆ ಮೀಟರ್ ಇಟ್ಟು ನೋಡಿದ ಮೇಲೆಯೇ ಟಿವಿಗೆ ಸಿಕ್ಕಿಸಿ.

ಲೆಕ್ಕ ಹೀಗಿದೆ. ಟಿವಿಗೆ ಸುಮಾರು 30 ವ್ಯಾಟ್, ಸೆಟ್‌ಟಾಪ್ ಬಾಕ್ಸಿಗೆ 10 ವ್ಯಾಟ್ ಎಂದುಕೊಳ್ಳೋಣ. ನಿಮ್ಮ ಬ್ಯಾಟರಿ 40 ಆಂಪಿಯರ್-ಅವರಿನದಾದರೆ ಅದರಲ್ಲಿರುವುದು 480 ವ್ಯಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದಾದ್ದರಿಂದ ಬಳಕೆಗೆ ಸಿಗುವುದು 240, ಎಂದರೆ ದೀಪಗಳೇ ಉರಿಯದಿದ್ದರೆ ಆರು ತಾಸು. ದೀಪ ಉರಿಯಲೇಬೇಕು, ಆಷಾಢದಲ್ಲಿ ಪ್ಯಾನಲಿಗೆ ಬಿಸಿಲೂ ಸಿಗದು. ಆದ್ದರಿಂದ ಸಂಜೆಗೆ ಎರಡು ತಾಸು ಎಂದಿಟ್ಟುಕೊಂಡರೆ ತಂದೆಯವರು ಕತ್ತಲೆಯಲ್ಲಿ ಕೂರಬೇಕಾಗುವುದಿಲ್ಲ. 32 ಇಂಚಿನದು ಬೇಡವೆನ್ನುವುದಕ್ಕೆ ಇದೂ ಒಂದು ಕಾರಣ.

ಸಿಗ್ನಲಿಗೆ ಡಿಡಿ ಫ್ರೀ ಡಿಶ್ ಹಾಕಿಸಿ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ, ಮತ್ತು ಅದರ ಹಲವು ಬಾಕ್ಸುಗಳು 12 ವೋಲ್ಟಿನಲ್ಲೇ ನಡೆಯುತ್ತವೆ. ಖಾಸಗಿ ವಾಹಿನಿಗಳಿಗೆ ಅಲ್ಲಿ ಹರಾಜಿನಲ್ಲಿ ಜಾಗ ಕೊಡುವುದರಿಂದ ಪಟ್ಟಿ ಬದಲಾಗುತ್ತಿರುತ್ತದೆ. ಅವುಗಳನ್ನೇ ನೆಚ್ಚಿ ಹಾಕಿಸಬೇಡಿ. ಡಿಶ್ ಮತ್ತು ಬಾಕ್ಸನ್ನು ಊರಿನಲ್ಲೇ ಬಿಡಿ, ಟಿವಿ ಮಾತ್ರ ಓಡಾಡಲಿ. ಈ ಸೇವೆ ಬರುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವದಲ್ಲಿದ್ದು, ತೀರ್ಥಹಳ್ಳಿಯಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 63 ಡಿಗ್ರಿ ಎತ್ತರದಲ್ಲಿರುತ್ತದೆ. ಆದ್ದರಿಂದ ಆ ದಿಕ್ಕಿನ ಅಡಿಕೆ ಮರಗಳಿಂದ ಡಿಶ್ ಇರಬೇಕಾದ ದೂರವು, ಡಿಶ್ಶಿನ ಮಟ್ಟಕ್ಕಿಂತ ಮರ ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ಹೆಚ್ಚಾಗಿರಲಿ. ನಲವತ್ತು ಅಡಿಯ ಮರವಾದರೆ ಇಪ್ಪತ್ತು ಅಡಿ ದಾಟಬೇಕು. ಜಡಿಮಳೆ ಹೊಡೆಯುವಾಗ ಚಿತ್ರ ಒಡೆದು ನಿಲ್ಲುವುದು ಸಹಜ, ಮಳೆ ತಗ್ಗಿದ ಮೇಲೆ ಬರುತ್ತದೆ. ಅದಕ್ಕಾಗಿ ಯಾರೂ ಮಾಡು ಹತ್ತುವುದು ಬೇಡ.

ಬೆಂಗಳೂರಿನ ಕೋಣೆಯಲ್ಲಿ ಅದೇ ಟಿವಿಯ ಎಚ್‌ಡಿಎಂಐ ಕಿಂಡಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿಕೊಂಡರೆ ಸಾಕು. ಚಾಪೆಯ ಮೇಲೆ ಕುಳಿತೋ ಮಲಗಿಯೋ ನೋಡುವವರಾದರೆ ಅಂಗಡಿಯಲ್ಲಿ ಒಮ್ಮೆ ಬಗ್ಗಿ, ಕೆಳಗಿನಿಂದ ನೋಡಿ. ಅಗ್ಗದ ಕೆಲವು ಪ್ಯಾನಲುಗಳಲ್ಲಿ ಕೆಳಗಿನಿಂದ ಮುಖಗಳು ಕಪ್ಪಾಗಿ ಕಾಣುತ್ತವೆ. ಹೆಡ್‌ಫೋನ್ ಕಿಂಡಿ ಇರುವುದನ್ನೇ ಆರಿಸಿ, ಏಕೆಂದರೆ ಹೆಂಚಿನ ಮೇಲೆ ಮಳೆ ಸುರಿಯುವಾಗ ಸಣ್ಣ ಟಿವಿಯ ದನಿ ವಯಸ್ಸಾದವರಿಗೆ ಕೇಳಿಸುವುದಿಲ್ಲ. ಆ ಕಿಂಡಿಗೆ ಒಂದು ಚಿಕ್ಕ ಸ್ಪೀಕರ್ ಜೋಡಿಸಬಹುದು. ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್ ಎರಡನ್ನೂ ಎಸೆಯದೆ, ಬಸ್ಸಿನಲ್ಲಿ ಟಿವಿಯನ್ನು ನಿಲ್ಲಿಸಿಯೇ ಒಯ್ಯಿರಿ.

ಇನ್ನೊಬ್ಬರ ಪ್ರಶ್ನೆ: ನನ್ನದು ಪ್ರವಾಸದ ಟೆಂಪೊ ಟ್ರಾವೆಲರ್. ಅದರಲ್ಲೂ ಇದೇ ಟಿವಿ, ಇದೇ ಡಿಶ್ ಆಗುತ್ತದೆಯೇ?

ಉತ್ತರ: ಟಿವಿ ಆಗುತ್ತದೆ, ಡಿಶ್ ಆಗುವುದಿಲ್ಲ. ಡಿಶ್ಶಿನ ಮುಖ ಸ್ವಲ್ಪ ಸರಿದರೂ ಸಿಗ್ನಲ್ ಹೋಗುತ್ತದೆ, ಓಡುವ ಗಾಡಿಯಲ್ಲಂತೂ ನಿಲ್ಲುವುದೇ ಇಲ್ಲ. ಘಾಟಿಯಲ್ಲಿ ಮೊಬೈಲ್ ನೆಟ್‌ವರ್ಕನ್ನೂ ನಂಬುವಂತಿಲ್ಲವಾದ್ದರಿಂದ, ಪೆನ್‌ಡ್ರೈವಿನಿಂದ ನೇರವಾಗಿ ವಿಡಿಯೊ ತೋರಿಸಬಲ್ಲ ಟಿವಿಯನ್ನು ಕೊಳ್ಳಿ. ನಿಮ್ಮ ಗಾಡಿಯದು 12 ವೋಲ್ಟ್. ದೊಡ್ಡ ಬಸ್ಸಾಗಿದ್ದರೆ 24 ಇರುತ್ತಿತ್ತು, ಆಗ ಬೇರೆಯೇ ಕನ್ವರ್ಟರ್ ಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜು ಕುಸಿಯುವುದರಿಂದ, ಎಂಜಿನ್ ಚಾಲೂ ಆದ ಮೇಲೆ ಟಿವಿ ಹಾಕಿ. ನಾಲ್ಕು ಸ್ಕ್ರೂಗಳ ಲೋಹದ ಬ್ರಾಕೆಟ್ಟಿನಲ್ಲಿ ಬಿಗಿಯಬೇಕು, ಮತ್ತು ಪರದೆಯು ಚಾಲಕರ ಕಣ್ಣಿಗಾಗಲಿ ಕನ್ನಡಿಗಾಗಲಿ ಬೀಳಬಾರದು.

ಮತ್ತೊಬ್ಬರ ಪ್ರಶ್ನೆ: ಪಿಜಿಯಲ್ಲಿರುವವರು ಟಿವಿಯ ಬದಲು 15.6 ಇಂಚಿನ ಪೋರ್ಟಬಲ್ ಮಾನಿಟರ್ ಕೊಳ್ಳಬಹುದೇ?

ಉತ್ತರ: ಲ್ಯಾಪ್‌ಟಾಪ್ ಇದ್ದರೆ ಕೊಳ್ಳಬಹುದು, ಚೀಲದಲ್ಲಿ ಹಿಡಿಯುತ್ತದೆ, ವಿದ್ಯುತ್ತೂ ಕಡಿಮೆ ಸಾಕು. ಮೊಬೈಲಿನಿಂದಲೇ ನೋಡುವ ಯೋಚನೆಯಿದ್ದರೆ, ಕಡಿಮೆ ಬೆಲೆಯ ಹೆಚ್ಚಿನ ಮೊಬೈಲುಗಳ ಟೈಪ್-ಸಿ ಕಿಂಡಿಯಿಂದ ಚಿತ್ರ ಹೊರಗೆ ಬರುವುದಿಲ್ಲ. ನಿಮ್ಮ ಮೊಬೈಲನ್ನು ಅಂಗಡಿಗೆ ಒಯ್ದು, ಅದೇ ಮಾನಿಟರಿಗೆ ಜೋಡಿಸಿ, ಚಿತ್ರ ಬಂದ ಮೇಲೆಯೇ ಹಣ ಕೊಡಿ.