ಸಹಾಯ ಬೇಕು: ವಿಡಿಯೋ ನೋಡ್ತಾರೆ, ಆ್ಯಪ್ ಕಡೆ ಬರೋದಿಲ್ಲ

ನಮಸ್ಕಾರ. ಕಾಸರಗೋಡಿನ ಬದಿಯಡ್ಕದಲ್ಲಿ ನಾವಿಬ್ಬರು ಸಣ್ಣ ಸ್ಟಾರ್ಟಪ್ ನಡೆಸುತ್ತಿದ್ದೇವೆ. ಅಡಿಕೆ ಮರಕ್ಕೆ ಮದ್ದು ಬಿಡುವವರನ್ನು (ಸಿಂಪಡಿಸುವವರನ್ನು) ತೋಟದವರಿಗೆ ಹುಡುಕಿಕೊಡುವ ಆ್ಯಪ್. ಜಾಹೀರಾತಿಗೆ ದುಡ್ಡಿಲ್ಲ, ರೀಲ್ಸ್, ಯೂಟ್ಯೂಬೇ ಗತಿ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು, ಬೋರ್ಡೋ ದ್ರಾವಣ ಮಾಡುವ ವಿಡಿಯೋ ಚೆನ್ನಾಗಿ ಓಡಿತು. 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಅಷ್ಟೇ ತೋರಿಸಿದ್ದು, ಕಮೆಂಟಲ್ಲಿ ಪ್ರಶ್ನೆಯೋ ಪ್ರಶ್ನೆ. ಆ್ಯಪ್ ಬಗ್ಗೆ ಹಾಕಿದ್ದನ್ನು ಮಾತ್ರ ನೆಂಟರು ಬಿಟ್ಟು ಯಾರೂ ನೋಡಲಿಲ್ಲ!

ಇಲ್ಲಿ ಕನ್ನಡ, ಮಲಯಾಳಂ ಎರಡೂ ಬೇಕು. ಒಂದೇ ಚಾನೆಲ್ ಸಾಕಾ, ಬೇರೆ ಬೇರೆ ಮಾಡಬೇಕಾ? ನೋಡಿದವರನ್ನು ವಾಟ್ಸಾಪ್ ಗ್ರೂಪಿಗೆ ತರುವುದು ಹೇಗೆ? ಮಳೆ ಹಿಡಿಯುವ ಮೊದಲೇ ಆಗಬೇಕು. ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ. ಕೋರ್ಸ್ ಮಾರುವವರು ಬೇಡ.